ಆಸ್ಪತ್ರೆ ಎದುರಿನ ಗೋಲ್ಡ್ ಲೋನ್ ಬ್ರಾಂಚಿಗೆ ನಾಲ್ಕು ಸ್ಟಾರ್ ಕೊಡ್ತಿದೀನಿ

ರಿವ್ಯೂ ಬರೆಯೋ ಅಭ್ಯಾಸ ನನಗಿಲ್ಲ. ಇದುವರೆಗೂ ಬರೆದಿರೋದು ಒಂದೇ, ನಮ್ಮ ಲಗ್ಗೆರೆಯ ಒಂದು ದರ್ಶಿನಿಯ ಖಾಲಿ ದೋಸೆ ಬಗ್ಗೆ, ಅದೂ ಎರಡು ಸಾಲು. ಆದ್ರೆ ಈ ಗೋಲ್ಡ್ ಲೋನ್ ಬ್ರಾಂಚಿನವರು ಬಡ್ಡಿ ಕಟ್ಟಿದಾಗೆಲ್ಲ "ನಮ್ಮ ಸೇವೆ ಹೇಗಿತ್ತು, ರೇಟಿಂಗ್ ಕೊಡಿ" ಅಂತ ಲಿಂಕ್ ಕಳಿಸ್ತಾರೆ, ಒಂದು ವರ್ಷದಿಂದ ಡಿಲೀಟ್ ಮಾಡ್ಕೊಂಡೇ ಬಂದಿದ್ದೆ, ಮೊನ್ನೆ ರಾತ್ರಿ ಯಾಕೋ ನಿದ್ದೆ ಬರ್ಲಿಲ್ಲ, ಸರಿ ಬರೆದೇ ಬಿಡೋಣ ಅಂತ ಕೂತೆ. ಕಂಪನಿ ಹೆಸರು ಹಾಕಲ್ಲ, ಎದುರುಗಡೆ ಇರೋ ಪ್ರೈವೇಟ್ ಆಸ್ಪತ್ರೆ ಹೆಸರೂ ಹಾಕಲ್ಲ. ಹಾಕೋ ಅವಶ್ಯಕತೆನೂ ಇಲ್ಲ, ಬೆಂಗಳೂರಲ್ಲಿ ಯಾವುದಾದ್ರೂ ದೊಡ್ಡ ಆಸ್ಪತ್ರೆ ಗೇಟ್ ಮುಂದೆ ನಿಂತ್ಕೊಂಡು ಕತ್ತೆತ್ತಿ ನೋಡಿ, ಮೆಡಿಕಲ್ ಸ್ಟೋರ್ ಮೇಲೆ, ಎಳನೀರು ಗಾಡಿ ಹಿಂದೆ, ಮೊದಲನೇ ಮಹಡಿಯಲ್ಲಿ ಇಂಥದೊಂದು ಬೋರ್ಡು ಇದ್ದೇ ಇರುತ್ತೆ. ನಾನು ಅಲ್ಲಿವರೆಗೂ ಯಾವತ್ತೂ ಗಮನಿಸಿರಲಿಲ್ಲ.

ಮೊದಲು ನಾನು ಅಲ್ಲಿಗೆ ಯಾಕೆ ಹೋದೆ ಅಂತ ಹೇಳ್ಬೇಕು, ಸ್ವಲ್ಪ ಉದ್ದ ಆಗುತ್ತೆ.

2024 ಆಗಸ್ಟ್ 12, ಸೋಮವಾರ. ಅಪ್ಪನಿಗೆ 63 ವರ್ಷ, ಲಾರಿ ಬಾಡಿ ಕಟ್ಟೋ ಶೆಡ್ಡಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಮನುಷ್ಯ, ಮಾಸ್ಕು ಗೀಸ್ಕು ಏನೂ ಕಂಡಿದ್ದಿಲ್ಲ, ಒಂದು ಟವಲ್ ಮುಖಕ್ಕೆ ಕಟ್ಕೊಂಡ್ರೆ ಅದೇ ಸೇಫ್ಟಿ. ನಾಲ್ಕು ದಿನದಿಂದ ಜ್ವರ, ಕೆಮ್ಮು, ಬೀದಿ ಕೊನೆ ಕ್ಲಿನಿಕ್ಕಲ್ಲಿ ತೋರಿಸಿ ಮಾತ್ರೆ ತಂದಿದ್ವಿ. ಸೋಮವಾರ ರಾತ್ರಿ ಊಟಕ್ಕೆ ಕೂತವರು ಮುದ್ದೆ ಮುರಿಯೋಕಾಗದೆ ಗೋಡೆಗೆ ಒರಗಿದ್ರು, ತುಟಿ ನೀಲಿ ಆಗಿತ್ತು. ಎರಡು ಸರ್ಕಾರಿ ಆಸ್ಪತ್ರೆ ಸುತ್ತಿದ್ವಿ, ಎರಡರಲ್ಲೂ ಡಾಕ್ಟರ್‌ಗಳು ನೋಡಿದ್ರು, ಆಕ್ಸಿಜನ್ ಹಾಕಿದ್ರು, ನ್ಯುಮೋನಿಯಾ ಎರಡೂ ಕಡೆ ಹಿಡಿದಿದೆ, ವೆಂಟಿಲೇಟರ್ ಬೇಕಾಗುತ್ತೆ, ಬೆಡ್ ಖಾಲಿ ಇಲ್ಲ, ಕಾಯೋದಾದ್ರೆ ಕಾಯಿರಿ ಆದ್ರೆ ನಾವು ಗ್ಯಾರಂಟಿ ಕೊಡಲ್ಲ ಅಂದ್ರು. ಸುಳ್ಳು ಹೇಳ್ತಿರಲಿಲ್ಲ ಅವರು, ಕಣ್ಣೆದುರಿಗೇ ಸ್ಟ್ರೆಚರ್ ಮೇಲೆ ಜನ ಮಲಗಿದ್ರು. ರಾತ್ರಿ ಒಂದೂವರೆಗೆ ಈ ಪ್ರೈವೇಟ್ ಆಸ್ಪತ್ರೆ ಕ್ಯಾಶುವಾಲ್ಟಿ ಬಾಗಿಲಲ್ಲಿದ್ವಿ. ಅಡ್ವಾನ್ಸ್ 50,000 ಕಟ್ಟಿ ಅಂದ್ರು. ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್‌ಗೆ ಒತ್ತಾಯ ಮಾಡೋಹಾಗಿಲ್ಲ ಅಂತ ಪ್ರೈವೇಟ್ ಆಸ್ಪತ್ರೆಗಳಿಗಂತ ಇರೋ ನಮ್ಮ ರಾಜ್ಯದ ಕೆಪಿಎಂಇ ಕಾಯ್ದೆಯಲ್ಲೇ ಇದೆಯಂತೆ, ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಗೊತ್ತಿದ್ರೂ ಆ ಟೈಮಲ್ಲಿ ಕಾಯ್ದೆ ಮಾತಾಡೋ ಧೈರ್ಯ ಯಾರಿಗಿರುತ್ತೆ ಹೇಳಿ. ಗೆಳೆಯನ ಕಾರ್ಡ್ ಉಜ್ಜಿದ್ವಿ.

ಈಗ ನೀವು ಕೇಳ್ತೀರ, ಇನ್ಶೂರೆನ್ಸ್ ಇರಲಿಲ್ವಾ, ಕಾರ್ಡ್ ಇರಲಿಲ್ವಾ ಅಂತ. ಎಲ್ಲರೂ ಕೇಳಿದ್ರು, ಕಾಯಿಲೆ ನೋಡೋಕೆ ಬಂದೋರೆಲ್ಲ ಹಣ್ಣಿನ ಕವರ್ ಇಟ್ಟು ಮೊದಲು ಕೇಳಿದ್ದು ಇದನ್ನೇ. ನಾನು ಪೀಣ್ಯದಲ್ಲಿ ಒಂದು ಮಷೀನ್ ಶಾಪಲ್ಲಿ ಸಿಎನ್‌ಸಿ ಆಪರೇಟರ್. 2022ರವರೆಗೂ ನನಗೆ ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ, ಇತ್ತು, ಅದರಲ್ಲಿ ನನ್ನ ಮೇಲೆ ಆಧಾರವಾಗಿರೋ ಅಪ್ಪ ಅಮ್ಮನಿಗೂ ಟ್ರೀಟ್‌ಮೆಂಟ್ ಸಿಗುತ್ತೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್ ಒಂದು ರೂಪಾಯಿ ಖರ್ಚಿಲ್ಲದೆ ಆಗಿತ್ತು. ಆ ವರ್ಷ ಇನ್‌ಕ್ರಿಮೆಂಟ್ ಕೊಟ್ರು, ಸಂಬಳ 22,300 ಆಯ್ತು, ಖುಷಿಗೆ ಮನೆಯವರನ್ನೆಲ್ಲ ಕರ್ಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದೆ. ಇಎಸ್‌ಐಗೆ ಸಂಬಳದ ಮಿತಿ ಆಗ 21,000, 2017ರಿಂದ ಅಲ್ಲೇ ನಿಂತಿತ್ತು. ಅಂದ್ರೆ 1,300 ರೂಪಾಯಿ ಜಾಸ್ತಿ ದುಡಿದಿದ್ದಕ್ಕೆ ಅಪ್ಪನ ಆಸ್ಪತ್ರೆ ಕೈ ಬಿಟ್ಟು ಹೋಯ್ತು, ನಾವು ಅದಕ್ಕೆ ದೋಸೆ ತಿಂದ್ವಿ. ಕಂಪನಿಯ ಗ್ರೂಪ್ ಇನ್ಶೂರೆನ್ಸಲ್ಲಿ ನಾನು, ಹೆಂಡ್ತಿ, ಮಗಳು ಅಷ್ಟೇ. ರೇಷನ್ ಕಾರ್ಡು ಎಪಿಎಲ್, ವರ್ಷಕ್ಕೆ 1,20,000 ದಾಟಿದ್ರೆ ಬಿಪಿಎಲ್ ಇಲ್ವಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ಅದೂ 1.5 ಲಕ್ಷದ ಮಿತಿಯಲ್ಲಿ. ಅದಕ್ಕೂ ಆಸ್ಪತ್ರೆ ಆ ಯೋಜನೆಗೆ ಸೇರಿರಬೇಕು. ಕೌಂಟರಲ್ಲಿ ಕಾರ್ಡ್ ತೋರಿಸಿದೆ, ಹುಡುಗ ಕಾರ್ಡ್ ಮುಟ್ಟಲೂ ಇಲ್ಲ, "ಆ ಸ್ಕೀಮ್ ನಮ್ಮಲ್ಲಿಲ್ಲ ಸರ್" ಅಂದ.

ಸರಿ, ರಿವ್ಯೂಗೆ ಬರ್ತೀನಿ.

ಮೊದಲನೇ ವಿಸಿಟ್ ಆಗಸ್ಟ್ 13, ಮಂಗಳವಾರ ಬೆಳಗ್ಗೆ. ಅಮ್ಮ ಮನೆಗೆ ಹೋಗಿ ಬೀರುವಿನಿಂದ ಸ್ಟೀಲ್ ಡಬ್ಬಿ ತಂದಿದ್ರು, ರವೆ ಡಬ್ಬಿ ಅದು, ಒಳಗೆ ಬಟ್ಟೆ ಸುತ್ತಿಟ್ಟ ಗುಂಡಿನ ಸರ, ಒಂದು ನೆಕ್ಲೇಸ್, ನಾಲ್ಕು ಬಳೆ. ಮೊದಲು ನಮ್ಮ ಏರಿಯಾ ಸೇಟು ಅಂಗಡಿಗೇ ಹೋಗೋಣ ಅಂದ್ಕೊಂಡಿದ್ದೆ, ಸಣ್ಣಪುಟ್ಟದಕ್ಕೆ ನಮಗೆ ಅವನೇ, ಆದ್ರೆ ಅವನ ಹತ್ರ ಒಂದೇ ಸಲಕ್ಕೆ ಇಷ್ಟು ದುಡ್ಡು ಹುಟ್ಟಲ್ಲ. ಬ್ಯಾಂಕಿಗೆ ಹೋದ್ರೆ ಬಡ್ಡಿ ಅರ್ಧ, ಆದ್ರೆ ಚಿನ್ನ ಪರೀಕ್ಷೆ ಮಾಡೋ ಅಪ್ರೈಸರ್ ಮಧ್ಯಾಹ್ನ ಬರ್ತಾರೆ, ಅಕೌಂಟ್ ಬೇರೆ ಬ್ರಾಂಚಲ್ಲಿದೆ, ನಾಳೆ ಬನ್ನಿ. ಆಸ್ಪತ್ರೆಯವರು ನಾಳೆ ಅನ್ನಲ್ಲ. ಸಂಜೆ ಒಳಗೆ ಒಂದೂವರೆ ಲಕ್ಷ ಅಂದಿದ್ರು. ರೋಡ್ ದಾಟಿದ್ವಿ, ಮೆಟ್ಟಿಲು ಹತ್ತಿದ್ವಿ.

ಒಳಗೆ ಎಸಿ, ಕುಡಿಯೋ ನೀರು, ಕೂರೋಕೆ ಸೋಫಾ. ಅಮ್ಮ ರಾತ್ರಿಯೆಲ್ಲ ಐಸಿಯು ಹೊರಗೆ ಕಬ್ಬಿಣದ ಕುರ್ಚಿ ಮೇಲೆ ಕೂತಿದ್ದೋರು, ಆ ಸೋಫಾ ಮೇಲೆ ಕೂತು ಹದಿನಾರು ಗಂಟೆ ಆದ್ಮೇಲೆ ಮೊದಲನೇ ಸಲ ಒಂದು ಲೋಟ ನೀರು ಕುಡಿದ್ರು. ಆಧಾರ್, ಪ್ಯಾನ್, ಒಂದು ಫೋಟೋ, ಒಂದು ಓಟಿಪಿ, ಅಷ್ಟೇ ಕೇಳಿದ್ದು. ಅಪ್ರೈಸರ್ ವಯಸ್ಸಾದ ಮನುಷ್ಯ, ಒಂದೊಂದೇ ಒಡವೆ ಒರೆಗಲ್ಲಿಗೆ ತಿಕ್ಕಿ, ಒಂದು ಹನಿ ಆಸಿಡ್ ಬಿಟ್ಟು ನೋಡಿ ಪಕ್ಕಕ್ಕಿಡ್ತಿದ್ರು. ಅಮ್ಮ ಅವರಿಗೆ ಒಂದೊಂದರ ಕಥೆ ಹೇಳೋಕೆ ಶುರು ಮಾಡಿದ್ರು, ಇದು ನಮ್ಮಪ್ಪ ಮದುವೆಗೆ ಹಾಕಿದ್ದು, ಈ ಎರಡು ಬಳೆ ಇವರು ಒಂದು ವರ್ಷ ಪೂರ್ತಿ ರಾತ್ರಿ ಓಟಿ ಮಾಡಿ ಮಾಡಿಸಿದ್ದು, ಇದು ಮಗ ಹುಟ್ಟಿದಾಗ ಅಂತ. ನಾನು "ಅಮ್ಮ ಅವರಿಗೆ ಅದೆಲ್ಲ ಯಾಕೆ" ಅಂದೆ. ಆ ಮನುಷ್ಯ ಮಾತ್ರ ತಲೆ ಎತ್ತಿ "ಹೇಳ್ಲಿ ಬಿಡಿ ಸರ್" ಅಂದ್ರು. ಗುಂಡಿನೊಳಗೆ ಅರಗು ಇದೆ, ನೆಕ್ಲೇಸಲ್ಲಿ ಕಲ್ಲಿದೆ, ಅದನ್ನ ಕಳೀಬೇಕು ಅಂತ ಬಿಡಿಸಿ ಹೇಳಿದ್ರು. ಒಟ್ಟು 74.20 ಗ್ರಾಂ, ಕಳೆದು 69 ಗ್ರಾಂ, ಗ್ರಾಮಿಗೆ 4,700, ಒಟ್ಟು 3,24,300. ಕ್ಯಾಶ್ 20,000ಕ್ಕಿಂತ ಜಾಸ್ತಿ ಕೊಡೋಹಾಗಿಲ್ಲ, ಉಳಿದದ್ದು ಅಕೌಂಟಿಗೆ ಬರುತ್ತೆ ಅಂದ್ರು. ಮೆಟ್ಟಿಲು ಇಳಿಯೋದ್ರೊಳಗೆ ಮೆಸೇಜ್ ಬಂತು. ಗೆಳೆಯನ ಐವತ್ತು ಸಾವಿರ ಅಲ್ಲೇ ವಾಪಸ್ ಹಾಕಿದೆ. ಎಲ್ಲ ಸೇರಿ ಮೂವತ್ತೈದು ನಿಮಿಷ.

ನಾನು ಈ ಬ್ರಾಂಚಿಗೆ ಸ್ಟಾರ್ ಕೊಡ್ತಿರೋದು ಯಾಕಂದ್ರೆ, ಆ ಹದಿನಾರು ದಿನದಲ್ಲಿ ನನ್ನ ಪ್ರಶ್ನೆಗೆ ನಂಬರಲ್ಲಿ ಉತ್ತರ ಸಿಕ್ಕಿದ್ದು ಇಲ್ಲೊಂದೇ ಕಡೆ. ಆಸ್ಪತ್ರೆಯಲ್ಲಿ ದಿನಾ ಕೇಳ್ತಿದ್ದೆ, ಎಷ್ಟಾಗಬಹುದು, ಒಂದು ಅಂದಾಜು ಹೇಳಿ, ಐದು ಲಕ್ಷನಾ ಹದಿನೈದು ಲಕ್ಷನಾ, ಹದಿನೈದು ಅಂದ್ರೆ ಈಗಲೇ ಎಲ್ಲಾದ್ರೂ ಶಿಫ್ಟ್ ಮಾಡೋಕೆ ಓಡಾಡ್ತೀನಿ ಅಂತ. ಬಿಲ್ಲಿಂಗಲ್ಲಿ ಕೇಳಿದ್ರೆ ಡಾಕ್ಟರ್‌ನ ಕೇಳಿ, ಡಾಕ್ಟರ್‌ನ ಕೇಳಿದ್ರೆ ದುಡ್ಡಿನ ವಿಷಯ ಬಿಲ್ಲಿಂಗಲ್ಲಿ, "ಪೇಷೆಂಟ್ ಕಂಡೀಷನ್ ಮೇಲೆ ಹೋಗುತ್ತೆ ಸರ್, ಡೇ ಬೈ ಡೇ ನೋಡ್ಬೇಕು." ಒಪ್ತೀನಿ, ಕಾಯಿಲೆ ಹೇಳಿ ಕೇಳಿ ಬರಲ್ಲ. ಆದ್ರೆ ಬೆಡ್ಡಿಗೆ ದಿನಕ್ಕೆ ಎಷ್ಟು, ವೆಂಟಿಲೇಟರಿಗೆ ಎಷ್ಟು, ಮಾನಿಟರಿಗೆ ಎಷ್ಟು ಅನ್ನೋದು ಕಾಯಿಲೆ ಮೇಲೆ ಹೋಗಲ್ವಲ್ಲ, ಅದೂ ಹೇಳ್ತಿರಲಿಲ್ಲ. ರೇಟ್ ಬೋರ್ಡ್ ಹಾಕ್ಬೇಕು ಅಂತ ಅದೇ ಕೆಪಿಎಂಇ ಕಾಯ್ದೆಯಲ್ಲಿ ಇದೆ. ಬೋರ್ಡ್ ಇತ್ತು ಕೂಡ, ಎಕ್ಸ್‌ರೇ, ಇಸಿಜಿ ರೇಟ್ ಬರೆದಿತ್ತು. ಎದುರು ಕಟ್ಟಡದಲ್ಲಿ ನಮ್ಮಮ್ಮನ ಬಳೇನ ಚುಕ್ಕಿ ಆದ್ಮೇಲೆ ಎರಡು ಅಂಕೆವರೆಗೂ ತೂಗಿ ಚೀಟಿ ಬರೆದು ಕೊಡ್ತಾರೆ, ಈ ಕಟ್ಟಡದಲ್ಲಿ ಲಕ್ಷದ ಲೆಕ್ಕನೂ ಬಾಯಲ್ಲಿ ಹೇಳಲ್ಲ.

ಮಿತಿ ಹಾಕೋಕೆ ಆಗಲ್ಲ ಅಂತೇನಿಲ್ಲ. ಹಾರ್ಟಿಗೆ ಹಾಕೋ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರದವರು ಬೆಲೆ ಕಟ್ಟಿದ್ರು, ಔಷಧಿ ಲೇಪನ ಇರೋದಕ್ಕೆ 29,600, ಅದಕ್ಕೂ ಮುಂಚೆ ಅದನ್ನೇ ಲಕ್ಷದ ಮೇಲೆ ಮಾರ್ತಿದ್ರು. ಕೋವಿಡ್ ಟೈಮಲ್ಲಿ 2020ರ ಜೂನಲ್ಲಿ ನಮ್ಮ ರಾಜ್ಯ ಸರ್ಕಾರನೇ ಪ್ರೈವೇಟ್ ಆಸ್ಪತ್ರೆಗಳಿಗೆ ದರ ಹಾಕಿತ್ತು, ವೆಂಟಿಲೇಟರ್ ಇರೋ ಐಸಿಯು ದಿನಕ್ಕೆ 25,000 ಅಂತ. ಕೋವಿಡ್ ಹೋಯ್ತು, ಮಿತಿನೂ ಹೋಯ್ತು. ಅದೇ ಮಷೀನು, ಅದೇ ಪುಪ್ಪುಸ.

ಎರಡನೇ ವಿಸಿಟ್ ಬಗ್ಗೆ ಬರೆಯೋದಾ ಬೇಡ್ವಾ ಅಂತ ಯೋಚನೆ ಮಾಡ್ದೆ. ಆಗಸ್ಟ್ 16, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಮನೆಯಲ್ಲಿ ಯಾರಿಗೂ ಹಬ್ಬದ ಮನಸ್ಸಿರಲಿಲ್ಲ, ಆದ್ರೆ ಇಟ್ಕೊಂಡು ಬಂದಿರೋ ಕಳಶ ನಿಲ್ಲಿಸಬಾರದು, ಅದೂ ಮಾವ ಹಿಂಗಿರೋವಾಗ ಅಂತ ನನ್ನ ಹೆಂಡ್ತಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಪುಟ್ಟದಾಗಿ ಕಳಶ ಕೂರಿಸಿದ್ಲು, ಅವಳದೇ ನೆಕ್ಲೇಸ್ ದೇವಿಗೆ ಹಾಕಿದ್ಲು. ಹನ್ನೊಂದಕ್ಕೆ ಆಸ್ಪತ್ರೆಯಿಂದ ಫೋನ್, ಸಂಜೆ ಐದರೊಳಗೆ ಒಂದು ಲಕ್ಷ ಕಟ್ಟಿ, ಇಲ್ಲಾಂದ್ರೆ ಫಾರ್ಮಸಿಯಿಂದ ಇಂಜೆಕ್ಷನ್ ರಿಲೀಸ್ ಆಗಲ್ಲ. ಅಮ್ಮ "ಇವತ್ತು ಬೇಡ ಕಣೋ, ಶುಕ್ರವಾರ, ಅದೂ ಇಂಥ ದಿನ ಲಕ್ಷ್ಮೀನ ಹೊಸ್ತಿಲು ದಾಟಿಸ್ತಾರಾ, ನಾಳೆ ಬೆಳಗ್ಗೆ ಹೋಗು" ಅಂತ ಅತ್ತರು. ನನ್ನ ಹೆಂಡ್ತಿ ಏನೂ ಮಾತಾಡಲಿಲ್ಲ. ದೇವಿಗೆ ಕೈ ಮುಗಿದು, ಕತ್ತಿಂದ ನೆಕ್ಲೇಸ್ ಬಿಚ್ಚಿ, ಅದರಲ್ಲಿ ಸಿಕ್ಕಿಕೊಂಡಿದ್ದ ಸೇವಂತಿಗೆ ಎಸಳು ಬಿಡಿಸಿ, ತನ್ನ ಜುಮುಕಿನೂ ತೆಗೆದು ಕರ್ಚೀಫಲ್ಲಿ ಕಟ್ಟಿ "ನಡೀರಿ" ಅಂದ್ಲು.

ಬ್ರಾಂಚಲ್ಲೂ ಪೂಜೆ. ಬಾಳೆ ಕಂದು ಕಟ್ಟಿದ್ರು, ಕಳಶ ಕೂರಿಸಿದ್ರು, ಕೌಂಟರ್ ಹುಡುಗಿಯರೆಲ್ಲ ರೇಷ್ಮೆ ಸೀರೆ. ಮ್ಯಾನೇಜರ್ ಮೇಡಂ ಬಂದೋರಿಗೆಲ್ಲ ಅರಿಶಿನ ಕುಂಕುಮ, ರವಿಕೆ ಕಣ, ಎಲೆ ಅಡಿಕೆ ಕೊಡ್ತಿದ್ರು. ನನ್ನ ಹೆಂಡ್ತಿ ಕೈಗೂ ಕೊಟ್ಟು, ರೂಢಿ ಮೇಲೆ "ಮನೆಗೆ ಲಕ್ಷ್ಮಿ ಬಂದಂಗಾಯ್ತು ನೋಡಿ" ಅಂದ್ಬಿಟ್ರು. ಆಮೇಲೆ ಅವಳ ಬರೀ ಕಿವಿ, ಕೈಯಲ್ಲಿದ್ದ ಕರ್ಚೀಫ್ ಗಂಟು ನೋಡಿ ಸುಮ್ಮನಾದ್ರು. 35.5 ಗ್ರಾಂ ನೆಟ್, 1,66,850. ಆವತ್ತು ಪ್ರೊಸೆಸಿಂಗ್ ಚಾರ್ಜ್ ಹಾಕಲಿಲ್ಲ, ಫೆಸ್ಟಿವಲ್ ಆಫರ್ ಅಂತೆ. ಹಬ್ಬದ ಪ್ರಸಾದ ಅಂತ ಪುಳಿಯೋಗರೆ ದೊನ್ನೆ ಕೊಟ್ರು, ಐಸಿಯು ಹೊರಗೆ ಕೂತು ಇಬ್ಬರೂ ಹಂಚ್ಕೊಂಡು ತಿಂದ್ವಿ, ಚೆನ್ನಾಗಿತ್ತು.

ಅಲ್ಲಿ ಕಾಯ್ತಾ ಕೂತಿರುವಾಗ ಒಂದು ವಿಷಯ ಗಮನಿಸಿದೆ. ಸೋಫಾ ಮೇಲೆ ಕೂತಿರೋರಲ್ಲಿ ಯಾರು ಅಂಗಡಿ ಸಾಮಾನಿಗೆ, ಸ್ಕೂಲ್ ಫೀಸಿಗೆ ಬಂದಿದಾರೆ, ಯಾರು ಆಸ್ಪತ್ರೆಯಿಂದ ಬಂದಿದಾರೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಆಸ್ಪತ್ರೆಯವರ ಕತ್ತಲ್ಲಿ ಅಟೆಂಡರ್ ಪಾಸ್ ನೇತಾಡ್ತಿರುತ್ತೆ, ಕೈಯಲ್ಲಿ ಸ್ಕ್ಯಾನಿಂಗ್ ಕವರ್, ಕಾಲಲ್ಲಿ ಮನೆ ಚಪ್ಪಲಿ. ಕುಣಿಗಲ್ ಕಡೆಯ ಒಬ್ಬ ಅಜ್ಜಿ ಬಂದಿದ್ರು, ಮಗನಿಗೆ ಆಕ್ಸಿಡೆಂಟ್ ಆದಾಗ ಇಟ್ಟಿದ್ದ ಸರ, ವರ್ಷ ದಾಟಿತ್ತು, ನೋಟಿಸ್ ಹಳೇ ಅಡ್ರೆಸ್ಸಿಗೆ ಹೋಗಿತ್ತು, ಹರಾಜಾಗಿದೆ ಅಂತ ಹುಡುಗಿ ಮೆತ್ತಗೆ ಹೇಳ್ತಿದ್ಲು. ಅಜ್ಜಿಗೆ ಅರ್ಥ ಆಗ್ಲಿಲ್ಲ, ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿ ಇಟ್ಟು "ಬಡ್ಡಿ ತಂದಿದೀನಿ ತಗೊಳವ್ವ" ಅಂತಾನೇ ಇದ್ರು. ಪೇಪರಲ್ಲಿ ಒಂದೊಂದು ಸಲ ಪೂರ್ತಿ ಪುಟ ಸಾಸಿವೆ ಕಾಳಿನ ಅಕ್ಷರದಲ್ಲಿ ಹರಾಜು ಪ್ರಕಟಣೆ, ಬರೀ ಲೋನ್ ನಂಬರ್‌ಗಳು ಬರುತ್ತಲ್ಲ, ಮುಂಚೆ ಅದನ್ನ ನೋಡಿ ಪುಟ ತಿರುಗಿಸ್ತಿದ್ದೆ.

ಮೂರನೇದು ಆಗಸ್ಟ್ 23. ಅಷ್ಟೊತ್ತಿಗೆ ಅಪ್ಪನ ವೆಂಟಿಲೇಟರ್ ತೆಗೆದಿದ್ರು, ಕಣ್ಣು ಬಿಟ್ಟಿದ್ರು, ಡಾಕ್ಟರ್ ಮುಖದಲ್ಲೂ ನಗು ಬಂದಿತ್ತು. ಅಕ್ಕ ತನ್ನ ಲಾಂಗ್ ಚೈನ್ ಕೊಡ್ತೀನಿ ಅಂದಿದ್ಲು, ಭಾವ ಬೇಡ ಅಂದ್ರು, ನಾನು ತಪ್ಪು ಹೇಳಲ್ಲ, ಅವರ ಮನೆಯಲ್ಲೂ ಮಗಳು ಮದುವೆಗಿದಾಳೆ. ಆದ್ರೆ ಅಕ್ಕ ಆವತ್ತಿಂದ ನಮ್ಮನೆಗೆ ಬರೋದು ಕಮ್ಮಿ ಮಾಡಿದಾಳೆ, ಬಂದ್ರೂ ಹೊಸ್ತಿಲಲ್ಲೇ ಕೂತು ಹೊರಡ್ತಾಳೆ. ಉಳಿದಿದ್ದು ಅಮ್ಮನ ಮಾಂಗಲ್ಯದ ಎರಡೆಳೆ ಸರ.

ಕೌಂಟರಲ್ಲಿ ಅಮ್ಮನ ಕೈಗೆ ಕೊಂಡಿ ಸಿಕ್ತಾ ಇರಲಿಲ್ಲ. ಕೌಂಟರ್ ಹುಡುಗಿ, ಇಪ್ಪತ್ತೈದು ವರ್ಷ ಇರಬಹುದು, ಎದ್ದು ಈಚೆ ಬಂದ್ಲು. "ತಾಳಿ ಬೊಟ್ಟು ನಾವು ತಗೊಳ್ಳಲ್ಲ ಅಮ್ಮ, ಅದು ನಿಮ್ಮ ಹತ್ರನೇ ಇರ್ಲಿ, ಸರ ಮಾತ್ರ ಕೊಡಿ" ಅಂದ್ಲು. ಆಮೇಲೆ ಏನು ಮಾಡ್ಬೇಕು ಅಂತ ನಮಗೆ ಹೊಳೆಯೋ ಮುಂಚೆನೇ ಅವಳು ಡ್ರಾಯರ್ ಎಳೆದು ಒಂದು ದಾರದ ಉಂಡೆ ತೆಗೆದ್ಲು, ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿಯಲ್ಲಿ ಅರಿಶಿನ. ಅಳತೆ ನೋಡಿ ಕತ್ತರಿಸಿ, ನೀರು ಚಿಮುಕಿಸಿ ಅರಿಶಿನ ಹಚ್ಚಿ, ಬೊಟ್ಟು ಎರಡನ್ನೂ ಪೋಣಿಸಿ ಅಮ್ಮನ ಕೈಗಿಟ್ಲು. ಅಮ್ಮ ಗೋಡೆ ಕಡೆ ತಿರುಗಿ ಕಟ್ಕೊಂಡ್ರು, ಆ ಹುಡುಗಿ ಮರೆಯಾಗಿ ನಿಂತಿದ್ಲು. ನಾನು ಏನಾದ್ರೂ ಮಾತಾಡ್ಬೇಕು ಅಂತ "ಇದನ್ನೂ ಕಂಪನಿಯವರೇ ಕೊಡ್ತಾರಾ" ಅಂತ ಕೇಳ್ದೆ. "ಇಲ್ಲ ಸರ್, ನಾವೇ ದುಡ್ಡು ಹಾಕಿ ತಂದಿಟ್ಕೊಂಡಿದೀವಿ. ವಾರಕ್ಕೊಂದು ಉಂಡೆ ಖಾಲಿ ಆಗುತ್ತೆ" ಅಂದ್ಲು.

24 ಗ್ರಾಂ, 1,12,800.

ಅಪ್ಪ 28ಕ್ಕೆ ಡಿಸ್ಚಾರ್ಜ್ ಆದ್ರು. ಬಿಲ್ಲು ಒಟ್ಟು 7,86,000, ಇಪ್ಪತ್ತಮೂರು ಪುಟ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಫಾರ್ಮಸಿ. ಅದರಲ್ಲಿದ್ದ ಒಂದು ಆಂಟಿಬಯೋಟಿಕ್ ಇಂಜೆಕ್ಷನ್ನಿನ ಹೆಸರನ್ನ ಹೊರಗಡೆ ಮೆಡಿಕಲ್‌ನವನಿಗೆ ತೋರಿಸಿದೆ, ಎಂಆರ್‌ಪಿ ಅದೇ ಇದೆ ಆದ್ರೆ ನಾನು ಅರ್ಧಕ್ಕೆ ಕೊಡ್ತಿದ್ದೆ ಅಂದ. ಆದ್ರೆ ಹೊರಗಿಂದ ತರೋಹಾಗಿರಲಿಲ್ಲ, ಐಸಿಯು ರೂಲ್ಸ್ ಅಂತೆ. ಆಸ್ಪತ್ರೆ ಒಳಗಿನ ಫಾರ್ಮಸಿಯಲ್ಲೇ ತಗೊಳ್ಳಿ ಅನ್ನೋ ಈ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು, 2025ರ ಮಾರ್ಚಲ್ಲಿ ಕೋರ್ಟು ಇದನ್ನ ರಾಜ್ಯ ಸರ್ಕಾರಗಳು ನೋಡ್ಕೊಳ್ಳಲಿ ಅಂತ ಬಿಡ್ತು. ಚಿನ್ನದಿಂದ ಬಂದಿದ್ದು 6,03,950. ಉಳಿದ 1,82,050ರಲ್ಲಿ ಚೀಟಿ ಕಸರು ಬಿಟ್ಟು ಕೂಗಿದ್ದು 1,10,000, ಪಿಎಫ್ ಅಡ್ವಾನ್ಸ್ 42,000, ಇನ್ನು 30,050 ಶಾಪಲ್ಲಿ ಹುಡುಗರು ಒಟ್ಟು ಮಾಡಿ ಕೊಟ್ಟಿದ್ದು. ಆ ಐವತ್ತು ರೂಪಾಯಿ ಯಾರು ಹಾಕಿದ್ರೋ, ಅವರಿಗೆ ದೇವರು ಒಳ್ಳೇದು ಮಾಡ್ಲಿ. ನರ್ಸ್‌ಗಳ ಬಗ್ಗೆ, ಆ ಇಬ್ಬರು ಡಾಕ್ಟರ್‌ಗಳ ಬಗ್ಗೆ ನನಗೆ ಒಂದು ಮಾತು ಕೆಟ್ಟದ್ದು ಹೇಳೋಕಿಲ್ಲ, ಅಪ್ಪ ಬದುಕಿದ್ದು ಅವರಿಂದಾನೇ. ಅವರ ಸಂಬಳ ಎಷ್ಟು ಅಂತ ಒಬ್ಬಳು ಸಿಸ್ಟರ್ ಮಾತಿನ ಮಧ್ಯೆ ಹೇಳಿದ್ಲು, ನನಗಿಂತ ಕಮ್ಮಿ.

ದೇಶದಲ್ಲಿ ಆರೋಗ್ಯಕ್ಕೆ ಆಗೋ ಖರ್ಚಲ್ಲಿ ಜನ ಸ್ವಂತ ಜೇಬಿಂದ ಹಾಕೋ ಪಾಲು 2013-14ರಲ್ಲಿ 64 ಪರ್ಸೆಂಟ್ ಇತ್ತು, 2021-22ಕ್ಕೆ 39ಕ್ಕೆ ಇಳಿದಿದೆ ಅಂತ ಸರ್ಕಾರದ ಲೆಕ್ಕ. ಇಳಿದಿರಬಹುದು. ನಮ್ಮನೇಲಿ ಜೇಬು ಅಂದ್ರೆ ಇಬ್ಬರು ಹೆಂಗಸರ ಕತ್ತು ಕಿವಿ ಕೈ, ಅಲ್ಲಿ ಏನೂ ಉಳಿದಿಲ್ಲ.

ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಐಸಿಯುನಲ್ಲಿ ನೋಡೋಕೆ ಬಿಡ್ತಿದ್ದಿದ್ದು ದಿನಕ್ಕೊಂದು ಸಲ, ಅಮ್ಮ ಸೆರಗು ಕತ್ತಿನ ತುಂಬ ಹೊದ್ದು ಹೋಗ್ತಿದ್ರು. ಡಿಸ್ಚಾರ್ಜ್ ಹಿಂದಿನ ದಿನ ನಾನು ಹೆಂಡ್ತಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋಗಿ ಅದೇ ಡಿಸೈನಿಂದು ಒನ್ ಗ್ರಾಂ ಗೋಲ್ಡ್ ಎರಡೆಳೆ ಸರ ಹುಡುಕಿ ತಂದ್ವಿ, 850 ರೂಪಾಯಿ. ಯೂಟ್ಯೂಬಲ್ಲಿ ಎಷ್ಟು ದಿನ ಬಣ್ಣ ಇರುತ್ತೆ ಅಂತ ನೋಡಿದ್ವಿ, ಸೋಪು ತಾಗಿಸಬಾರದಂತೆ. ಈಗ ಮೂರನೇ ಸರ ನಡೀತಿದೆ. ಅಪ್ಪ ಸಂಜೆ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತು, ಅಮ್ಮ ಹಾಲಿಗೆ ಹೊರಟ್ರೆ ದಿನಾ ಹೇಳ್ತಾರೆ, "ಸೆರಗು ಹೊದ್ಕೊಂಡ್ ಹೋಗೇ, ಚಿನ್ನ ಯಾಪಾಟಿ ಏರಿದೆ, ಸರಗಳ್ಳರು ಬೈಕಲ್ಲಿ ಬರ್ತಾರೆ." ಅಮ್ಮ "ಹೂಂ" ಅಂತ ಸೆರಗು ಬಿಗಿಯಾಗಿ ಹೊದ್ಕೋತಾರೆ. ನನ್ನ ಹೆಂಡ್ತಿದು ಇನ್ನೊಂದು ತರ, ಅವಳು ಮದುವೆಗಳಿಗೆ ಹೋಗೋದೇ ಬಿಟ್ಟಿದಾಳೆ. ಹೋದ್ರೆ ಅವರಮ್ಮನ ಕಡೆಯವರು ನೆಕ್ಲೇಸ್ ಎಲ್ಲಿ ಅಂತಾರೆ. ಹೋದ ವರ್ಷ ಆರು ಮದುವೆಗೆ ನಾನೊಬ್ಬನೇ ಹೋಗಿ ಮುಯ್ಯಿ ಕೊಟ್ಟು ಊಟ ಮಾಡ್ಕೊಂಡು ಬಂದೆ, ಪ್ರತಿ ಸಲ ಮಗಳಿಗೆ ಪರೀಕ್ಷೆ ಅಂತ ಸುಳ್ಳು. ಮಗಳು ಮೂರನೇ ಕ್ಲಾಸು, ಯಾವ ಪರೀಕ್ಷೆ ಅದು ವರ್ಷವಿಡೀ ಅಂತ ಯಾರೂ ಕೇಳ್ಲಿಲ್ಲ, ಪುಣ್ಯ.

ಈಗ ಬಡ್ಡಿ ವಿಷಯ, ಇದನ್ನ ಯಾರಾದ್ರೂ ಓದ್ತಿದ್ರೆ ಉಪಯೋಗ ಆಗ್ಲಿ. ಬೋರ್ಡ್ ಮೇಲೆ ತಿಂಗಳಿಗೆ ಒಂದು ಪರ್ಸೆಂಟ್ ಅಂತ ದೊಡ್ಡದಾಗಿ ಇರುತ್ತೆ, ಅದು ಮೂವತ್ತು ದಿನದೊಳಗೆ ಬಡ್ಡಿ ಕಟ್ಟಿದ್ರೆ ಮಾತ್ರ, ತಡ ಆದಂಗೆ ಮೇಲಕ್ಕೆ ಹೋಗುತ್ತೆ, ನಮಗೆ ಬಿದ್ದಿದ್ದು ಒಂದೂವರೆ. ಆರು ಲಕ್ಷಕ್ಕೆ ತಿಂಗಳಿಗೆ 9,059. ನನ್ನ ಸಂಬಳ ಆಗ 24,000. ಕಾಗದ ಎಲ್ಲ ಇಂಗ್ಲಿಷಲ್ಲಿತ್ತು, ಅಮ್ಮ ಹನ್ನೊಂದು ಕಡೆ ಸೈನ್ ಹಾಕಿದ್ರು. ರಿಸರ್ವ್ ಬ್ಯಾಂಕ್ 2025ರ ಜೂನಲ್ಲಿ ಹೊಸ ನಿಯಮ ತಂದಿದೆ, ಸಾಲದವರಿಗೆ ಅರ್ಥ ಆಗೋ ಭಾಷೆಯಲ್ಲಿ ಕೊಡ್ಬೇಕು, ಸಾಲ ತೀರಿದ ಮೇಲೆ ಒಡವೆ ಏಳು ಕೆಲಸದ ದಿನದೊಳಗೆ ವಾಪಸ್ ಕೊಡದಿದ್ರೆ ದಿನಕ್ಕೆ 5,000 ಪರಿಹಾರ ಅಂತೆಲ್ಲ, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಜಾರಿ ಮಾಡ್ಬೇಕು ಅಂತ ಗಡುವು ಹಾಕಿತ್ತು. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85 ಪರ್ಸೆಂಟ್‌ವರೆಗೂ ಕೊಡಬಹುದಂತೆ, ನಮಗೆ ಆಗ 75 ಇತ್ತು. ಇದನ್ನ ಅನುಕೂಲ ಅನ್ನಬೇಕೋ ಏನನ್ನಬೇಕೋ. ಎಮರ್ಜೆನ್ಸಿ ಮುಗಿದ ಮೇಲೆ ಸುಮ್ಮನೆ ಕೂರಬೇಡಿ, ಸರ್ಕಾರಿ ಬ್ಯಾಂಕಿಗೆ ಶಿಫ್ಟ್ ಮಾಡಿ, ನಾನು ಹೆಂಡ್ತಿದನ್ನ ಡಿಸೆಂಬರಲ್ಲಿ ಮಾಡಿದೆ, ಅದರ ಬಡ್ಡಿ ಅರ್ಧಕ್ಕಿಳೀತು. ಮೊದಲು ಬಿಡಿಸೋಕೆ ದುಡ್ಡು ಹೊಂದಿಸಬೇಕು, ಅದೇ ಕಷ್ಟ, ಒಂದು ದಿನದ ಮಟ್ಟಿಗೆ ನಮ್ಮ ಶಾಪ್ ಓನರ್ ಕೊಟ್ರು.

ಮತ್ತೆ ಆಸ್ಪತ್ರೆ ವಿಷಯದಲ್ಲಿ, ಮೊದಲನೇ ದಿನಾನೇ ಯಾರಾದ್ರೊಬ್ಬರು ಸರ್ಕಾರಿ ಬೆಡ್‌ಗೆ ಓಡಾಡ್ತಾನೇ ಇರಿ, ನಾವು ಒಮ್ಮೆ ಸೇರಿಸಿದ ಮೇಲೆ ಕೈ ಕಟ್ಟಿ ಕೂತ್ವಿ, ಅದು ತಪ್ಪು. ಅಪ್ಪನ ಫಾಲೋ ಅಪ್ ಈಗ ಸೋಮೇಶ್ವರನಗರದ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಯಲ್ಲಿ, ಹಳಬರು ಟಿಬಿ ಸ್ಯಾನಿಟೋರಿಯಂ ಅಂತಾರಲ್ಲ ಅದೇ, ಕ್ಯೂ ಉದ್ದ, ಬೆಳಗ್ಗೆನೇ ಹೋಗ್ಬೇಕು, ಆದ್ರೆ ಅಲ್ಲಿ ಅಪ್ಪನ ಕೈಯಲ್ಲಿ ಶೆಡ್ಡಿನ ಕಥೆಯೆಲ್ಲ ಕೇಳಿ ತಿಳ್ಕೊಂಡು ಟ್ರೀಟ್‌ಮೆಂಟ್ ಕೊಟ್ರು. ಬಿಪಿ ಮಾತ್ರೆ ಜನೌಷಧಿಯಲ್ಲಿ ತಗೋತೀವಿ, ಬ್ರಾಂಡ್ ಮಾತ್ರೆಯ ರೇಟಿಗೆ ಹೋಲಿಸಿದ್ರೆ ಚಿಲ್ಲರೆ ಕಾಸು.

ಬ್ರಾಂಚಿಗೆ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದ್ರೆ, ಎರಡು ಕಾರಣ. ಒಂದು, ಚಿನ್ನದ ರೇಟ್ ಏರಿದಾಗೆಲ್ಲ ಮೆಸೇಜ್ ಬರುತ್ತೆ, "ಅಭಿನಂದನೆಗಳು, ನಿಮ್ಮ ಒಡವೆ ಮೇಲೆ ಇನ್ನೂ ಟಾಪ್ ಅಪ್ ಸಾಲ ಸಿಗುತ್ತೆ" ಅಂತ. ಅಮ್ಮನ ಹುಟ್ಟಿದಬ್ಬಕ್ಕೂ ಒಂದು ಬಂತು, ಆಧಾರಲ್ಲಿ ಯಾರೋ ಬರೆಸಿದ ಜನವರಿ ಒಂದನೇ ತಾರೀಖಿಗೆ. ಎರಡು, ಇಡೋಕೆ ಮೂವತ್ತೈದು ನಿಮಿಷ, ಬಿಡಿಸೋಕೆ ಅರ್ಧ ದಿನ. ಲಾಕರ್ ಕೀ ಇಬ್ಬರ ಹತ್ರ ಇರುತ್ತಂತೆ, ಒಬ್ಬರು ಊಟಕ್ಕೆ ಹೋಗಿದ್ರು. ಮಾಂಗಲ್ಯ ಸರ ಬಿಡಿಸೋಕೆ ಬೋನಸ್ ದುಡ್ಡು ಸ್ವಲ್ಪ ಎತ್ತಿಟ್ಟಿದೀನಿ, ಇನ್ನೂ ನಲವತ್ತು ಸಾವಿರ ಬೇಕು, ಉಗಾದಿ ಒಳಗೆ ಆಗುತ್ತೆ ಅನ್ನಿಸುತ್ತೆ.

ಹೋಗೋರಿಗೆ: ಪಾರ್ಕಿಂಗ್ ಇಲ್ಲ, ಗಾಡಿ ಆಸ್ಪತ್ರೆ ಒಳಗೇ ಬಿಡಿ, ಅಲ್ಲಿ ಗಂಟೆ ಲೆಕ್ಕದಲ್ಲಿ ಚಾರ್ಜ್ ಹಾಕ್ತಾರೆ. ಲಿಫ್ಟ್ ಕೆಟ್ಟಿದೆ, ವಯಸ್ಸಾದೋರಿದ್ರೆ ಮೆಟ್ಟಿಲು ನಿಧಾನ. ಬೆಳ್ಳಿ ತಗೊಳ್ಳಲ್ಲ, ಮಗುವಿನ ಕಾಲ್ಗೆಜ್ಜೆ ತಗೊಂಡು ಹೋಗಿ ಸುಮ್ಮನೆ ತಿರುಗಬೇಡಿ. ಅರಿಶಿನ ದಾರ ಬೇಕಾದ್ರೆ ಎರಡನೇ ಕೌಂಟರಲ್ಲಿ ಕೇಳಿ, ಅದಕ್ಕೆ ಚಾರ್ಜ್ ಇಲ್ಲ.